ಭುಜದೆತ್ತರದ ಚಪ್ಪಡಿ

ಅತ್ತಿಗುಪ್ಪೆಯ ನಮ್ಮ ಪಕ್ಕದ ಮನೆಯವರು ಗೇಟಿನ ಹೊರಗೆ ಎರಡು ಕಂಬ ನೆಟ್ಟು, ಭುಜದೆತ್ತರಕ್ಕೆ ಒಂದು ಕಲ್ಲುಚಪ್ಪಡಿ ಕೂರಿಸಿದ್ದರು. ಕುಳಿತುಕೊಳ್ಳಲು ಅದು ತೀರಾ ಎತ್ತರ. ಹೂಕುಂಡ ಇಡಲೂ ಬಿಡುತ್ತಿರಲಿಲ್ಲ. ಆರು ಗಂಟೆಯ ವಾಕಿಂಗಿಗೆ ಹೊರಟಾಗಲೆಲ್ಲ ನಾನು ಏಕೆಂದು ಕೇಳುವುದು, ಅವರು ಹೆಗಲ ಟವೆಲಿನಿಂದ ಕಲ್ಲು ಒರೆಸುತ್ತ "ಇರ್ಲಿ ಬಿಡಿ ಸಾರ್" ಎನ್ನುವುದು ನಡೆದೇ ಇತ್ತು.

ದಾರಿಗೆ ಅಡ್ಡವೆಂದು ಅದನ್ನು ತೆಗೆಸಲು ನಾನು ಪಾಲಿಕೆಗೆ ಅರ್ಜಿ ಬರೆದು ಹೊರಟ ದಿನವೇ ಸೊಪ್ಪು ಮಾರುವ ಹೆಂಗಸು ಬಂದಳು. ತುದಿಗಾಲಲ್ಲಿ ನಿಂತು, ಯಾರ ಕೈಯನ್ನೂ ಕಾಯದೆ, ತಲೆಯ ಬುಟ್ಟಿಯನ್ನು ಚಪ್ಪಡಿಗೆ ಜಾರಿಸಿ ಕತ್ತು ನೀವಿಕೊಂಡಳು.

"ನಾಕ್ ಬೆರಳು ಎತ್ತರ ಆಯ್ತು ಕಣಣ್ಣ. ನಿಮ್ ಅಳತೆಗೆ ಕಟ್ಟಿದೀರ, ಹೊರೋಳು ನಾನು!"

"ಇಳಿಸಾಣ ಬಿಡವ್ವ," ಎಂದು ಗೇಟಿನಲ್ಲಿ ನಿಂತಿದ್ದ ಪಕ್ಕದ ಮನೆಯವರು ನಕ್ಕರು.

ಭಾನುವಾರ ಚಪ್ಪಡಿಯನ್ನು ನಾಲ್ಕು ಬೆರಳು ಇಳಿಸಿದರು. ಅದರ ಮೇಲೆ ರಸಮಟ್ಟ ಇಟ್ಟು ನೋಡಿ, ಮಟ್ಟ ಸರಿಯಿದೆ ಎಂದವನು ನಾನೇ.