ಎಲ್ಲರ ಕ್ಲಬ್ಬಿನ ಅಧ್ಯಕ್ಷೆ

ನಮ್ಮ ಹೈಸ್ಕೂಲಿನ ‘ಎಲ್ಲರಿಗೂ ತಂತ್ರಜ್ಞಾನ’ ಕ್ಲಬ್ಬಿನ ಅಧ್ಯಕ್ಷೆ ಕಂಪ್ಯೂಟರ್ ಲ್ಯಾಬಿಗೆ ಕಾಲಿಟ್ಟಳೆಂದರೆ, ಅದರ ಬೀಗದ ಕೈ ಇಟ್ಟುಕೊಂಡಿರುವ ನಾನೇ ಎದ್ದು ನಿಲ್ಲಬೇಕು. ಹತ್ತನೇ ಕ್ಲಾಸಿನ ಹುಡುಗಿ, ಗತ್ತು ಮಾತ್ರ ಮಂತ್ರಿಯದು. ಇರುವ ಒಂಬತ್ತು ಕಂಪ್ಯೂಟರುಗಳಲ್ಲಿ ನಾಲ್ಕು ಬ್ಯಾನರು ಮಾಡುವುದಕ್ಕೇ ಮೀಸಲು. ಎಲ್ಲ ಬ್ಯಾನರಿನಲ್ಲೂ ಅವಳದೇ ಮುಖ, ಅದೂ ಎಡಮಗ್ಗುಲಿನಿಂದ. “ಯಾರನ್ನೂ ಹೊರಗಿಡಬಾರ್ದು ಸಾರ್” ಎಂದು ದಿನಕ್ಕೆ ಹತ್ತು ಸಲ ಉಪದೇಶಿಸುವ ಈ ಮಹಾತಾಯಿ, ಎರಡು ನಿಮಿಷ ತಡವಾದವರನ್ನು ಬಾಗಿಲಾಚೆಯೇ ನಿಲ್ಲಿಸುತ್ತಾಳೆ. ಸಭೆಯಲ್ಲಿ ಅವಳಿಗೆ ಬಲಗಡೆಯ ಮೂಲೆಯ ಕುರ್ಚಿಯೇ ಆಗಬೇಕು. ಯಾರು ಏನು ಕೇಳಿದರೂ ಒಂದೇ ಉತ್ತರ: “ಒಳ್ಳೇ ಪ್ರಶ್ನೆ, ಚೀಟೀಲಿ ಬರ್ಕೊಡಿ.” ಎಂಟನೇ ಕ್ಲಾಸಿನವಳೊಬ್ಬಳು “ಅಕ್ಕಾ, ಮೌಸ್ ಓಡ್ತಿಲ್ಲ” ಎಂದಾಗಲೂ ಅದೇ! ಕೊಬ್ಬಲ್ಲದೆ ಮತ್ತೇನು ಎಂದುಕೊಂಡಿದ್ದೆ. ಮೊನ್ನೆ ಕ್ಲಬ್ಬಿನವರನ್ನೆಲ್ಲ ಬ್ಯಾನರಿನ ಮುಂದೆ ನಿಲ್ಲಿಸಿ ನಾನು ಫೋಟೋ ತೆಗೆಯುವಾಗ ಫ್ಯಾನಿನ ಗಾಳಿಗೆ ಅವಳ ಕೂದಲು ಹಾರಿತು. ಬಲಗಿವಿಯ ಹಿಂದೆ ಹುಣಿಸೆಬೀಜದಷ್ಟು ಪುಟ್ಟ ಶ್ರವಣಯಂತ್ರ ಕಂಡಿತು. ಅವಳು ತಟ್ಟನೆ ಕೂದಲು ಎಳೆದುಕೊಂಡಳು. ಆಮೇಲೆ ನನ್ನ ಹತ್ತಿರ ಬಂದು, ಮೊದಲ ಸಲ ಮೆಲ್ಲಗೆ ಮಾತಾಡಿದಳು: “ಸಾರ್, ಆ ಫೋಟೋ ಅಳಿಸ್ಬಿಡಿ. ಕ್ಲಬ್ಬಲ್ಲಿ ಯಾರಿಗೂ ಗೊತ್ತಾಗ್ಬಾರ್ದು.”