ನೀಲಮ್ಮನ ಭಜ್ಜಿ, ನಮ್ಮ ಸೈಟು

ಮೊನ್ನೆ ಕೆ.ಆರ್. ಪುರದ ಸಂತೆಯಲ್ಲಿ ಹಸಿ ಕಡಲೆಗಿಡದ ಕಟ್ಟು, ಅವರೆಕಾಯಿ, ಮೆಂತ್ಯಸೊಪ್ಪು ಒಟ್ಟಿಗೆ ಘಮ್ಮೆಂದದ್ದೇ ತಡ, ನನಗೆ ನೀಲಮ್ಮ ನೆನಪಾದಳು. ಕಲಬುರಗಿ ಕಡೆಯವಳು, ಗಂಡ ಗಾರೆ ಕೆಲಸದವನು. ನಮ್ಮ ಮಹಡಿಯ ಒಂಟಿ ಕೋಣೆಯಲ್ಲಿ ಬಾಡಿಗೆಗಿದ್ದರು.

ಎಳ್ಳಮಾವಾಸ್ಯೆಯ ಹಿಂದಿನ ದಿನ ಕೆಳಗಿಳಿದು ಬಂದು ಅಮ್ಮನಿಗೆ, "ಅಕ್ಕಾರ, ನಾಳಿಗಿ ಭಜ್ಜಿ ಮಾಡ್ತೀನ್ರಿ, ಎಲ್ಲಾರೂ ಉಣ್ಲಾಕ ಬರ್ರಿ" ಎಂದಳು. ನಮ್ಮ ಕಡೆ ಬಜ್ಜಿ ಎಂದರೆ ಮೆಣಸಿನಕಾಯಿಯದೇ ತಾನೆ? ಬಜ್ಜಿಯನ್ನು ಯಾರಾದರೂ ಉಣ್ಣುತ್ತಾರೆಯೇ ಎಂದು ಯೋಚಿಸುವ ಬುದ್ಧಿ ನನಗೂ ಬರಲಿಲ್ಲ, ಅಮ್ಮನಿಗೂ ಬರಲಿಲ್ಲ. ಅಮ್ಮ ಕಾಯಿಚಟ್ನಿ ರುಬ್ಬಿದಳು. ನಾನು ತಿಂಡಿ ಬಿಟ್ಟು ಹೊಟ್ಟೆ ಖಾಲಿ ಇಟ್ಟುಕೊಂಡೆ.

ಮೇಲೆ ಹೋಗಿ ನೋಡಿದರೆ ಎಣ್ಣೆ ಬಾಣಲೆಯೇ ಇಲ್ಲ! ದೊಡ್ಡ ಪಾತ್ರೆಯಲ್ಲಿ ಹಸಿರಾದದ್ದೇನೋ ಕೊತಕೊತ ಕುದಿಯುತ್ತಿತ್ತು. ಹಸಿ ಕಡಲೆ, ಅವರೆ, ತೊಗರಿಕಾಳು, ಬದನೆ, ಕ್ಯಾರೆಟ್, ಸಿಕ್ಕ ಸೊಪ್ಪೆಲ್ಲ ಬೆಂದಮೇಲೆ ಹುಣಸೆರಸ, ನೀರಲ್ಲಿ ಕದಡಿದ ಕಡಲೆಹಿಟ್ಟು. ಕೊನೆಗೆ ಹಸಿಮೆಣಸಿನಕಾಯಿ, ಬೆಳ್ಳುಳ್ಳಿ ಜಜ್ಜಿ ಹಾಕಿದ ಒಗ್ಗರಣೆ. ಪಕ್ಕದಲ್ಲಿ ಸಜ್ಜೆರೊಟ್ಟಿ. ಅಮ್ಮ ಚಟ್ನಿ ಬಟ್ಟಲನ್ನು ಮೆಲ್ಲಗೆ ಸೆರಗಿನೊಳಗೆ ಸೇರಿಸಿದಳು.

ಬಡಿಸುವ ಲಕ್ಷಣ ಮಾತ್ರ ಕಾಣಲಿಲ್ಲ. ಗಂಡನಿಗೆ ರಜೆ ಸಿಗದೆ ಆ ವರ್ಷ ಅವರು ಹಬ್ಬಕ್ಕೆ ಊರಿನ ಹೊಲಕ್ಕೆ ಹೋಗಿರಲಿಲ್ಲ. ನೀಲಮ್ಮನ ಮುಖ ಬಾಡಿತ್ತು. "ಚರಗ ಚೆಲ್ಲದೆ ಹ್ಯಾಂಗ ಉಣ್ಣದ್ರಿ? ಮೊದ್ಲ ಭೂಮಿತಾಯಿಗಿ ಉಣಸಬೇಕು. ನಿಮ್ಮ ಹೊಲದಾಗ ಚೆಲ್ಲಲೇನ್ರಿ?"

"ಯಾವ್ ಹೊಲಾನಮ್ಮಾ? ಅದು ಸೈಟು" ಎಂದಳು ಅಮ್ಮ.

ಮನೆ ಪಕ್ಕದ ಆ ತುಂಡು ನೆಲದಲ್ಲಿ ಅಮ್ಮ ಮದುವೆಯಾಗಿ ಬಂದ ಹೊಸತರಲ್ಲಿ ರಾಗಿ ಕುಯ್ದಿದ್ದಳು. ಸುತ್ತ ಮನೆಗಳೆದ್ದ ಮೇಲೆ ಅತ್ತ ಕಾಲಿಟ್ಟಿರಲಿಲ್ಲ. ನೋಡಿದರೆ ಸಂಕಟವಾಗುತ್ತೆ ಅನ್ನುತ್ತಿದ್ದಳು.

ನೀಲಮ್ಮ ಕಿಟಕಿಯಿಂದ ಬಗ್ಗಿ ನೋಡಿದಳು. "ಮಣ್ಣು ಅದಲ್ರೀ ಅಕ್ಕಾರ. ಹೊಲಾನೇ ಅದು."

ಅಮ್ಮನೇ ಮುಂದಾಗಿ ಮೆಟ್ಟಿಲಿಳಿದಳು. ಕಳೆಗಿಡಗಳ ನಡುವೆ ನಿಂತು ನೀಲಮ್ಮ ರೊಟ್ಟಿ ಮುರಿದು, ಭಜ್ಜಿಯಲ್ಲಿ ಕಲಸಿ, ಸುತ್ತಲೂ ಚೆಲ್ಲಿದಳು. ಅಮ್ಮನೂ ಒಂದು ಹಿಡಿ ಚೆಲ್ಲಿ ಕಣ್ಣೊರೆಸಿಕೊಂಡಳು. ಆಮೇಲೆ ಅಲ್ಲೇ ಚಾಪೆ ಹಾಸಿ ಉಂಡೆವು. ಎಂಥ ರುಚಿ ಅಂತೀರಿ! ಚಟ್ನಿಯೂ ದಂಡವಾಗಲಿಲ್ಲ, ಭಜ್ಜಿಗೆ ಅದನ್ನು ನೆಂಜಿಕೊಂಡ ಭೂಪ ನಾನೊಬ್ಬನೇ.

ನೀಲಮ್ಮ ಊರಿಗೆ ಮರಳಿ ವರ್ಷಗಳಾದವು. ಮೊನ್ನೆ, ಎಳ್ಳಮಾವಾಸ್ಯೆಯ ಹಿಂದಿನ ದಿನ, ಸೊಪ್ಪಿನ ಚೀಲ ಹಿಡಿದು ಮನೆಗೆ ಬಂದರೆ ಗೇಟಿನ ಹತ್ತಿರ ಬ್ರೋಕರ್ ಒಬ್ಬ ಕಾಯುತ್ತಿದ್ದ. "ಸಾರ್, ಪಕ್ಕದ ಸೈಟ್ ಕೊಡ್ತೀರಾ? ಒಳ್ಳೆ ಪಾರ್ಟಿ ಇದೆ."

ನಾನು ಬಾಯಿ ತೆರೆಯುವ ಮೊದಲೇ ಅಮ್ಮ ಒಳಗಿಂದ ಕೂಗಿದಳು: "ಸೈಟಲ್ಲಪ್ಪಾ, ಅದು ಹೊಲ! ಕೊಡೋದಿಲ್ಲ. ನಾಳೆ ಅಲ್ಲಿ ಭಜ್ಜಿ ಇದೆ, ಬೇಕಾದ್ರೆ ಬಾ."

ಅವನ ಮುಖ ಅರಳಿತು. ಮೆಣಸಿನಕಾಯಿಯದು ಅಂದುಕೊಂಡಿರಬೇಕು, ಪಾಪ. ನಾನೂ ತಿದ್ದಲು ಹೋಗಲಿಲ್ಲ.