ಐದನೇ ಕ್ಲಾಸಿನ ಬಾಗಿಲ ಪಕ್ಕದ ಇಂಗ್ಲಿಷ್

ಅಂಜನಾಪುರದ ಹೊಸ ಮನೆಗೆ ಸಾಮಾನು ಕಟ್ಟುವಾಗ ಹಳೆಯ ಟ್ರಂಕಿನ ತಳದಲ್ಲಿ ಇನ್ನೂರು ಪುಟದ ನೋಟ್‌ಬುಕ್ ಸಿಕ್ಕಿತು. ಒಳಗೆಲ್ಲ ಕನ್ನಡ ಅಕ್ಷರದಲ್ಲೇ ಬರೆದ ಇಂಗ್ಲಿಷ್. ಗೋ, ವೆಂಟ್, ಗಾನ್. ಬೈ, ಬಾಟ್, ಬಾಟ್... ಕಟ್ಟುವುದನ್ನು ಬಿಟ್ಟು ನೆಲದ ಮೇಲೆ ಕೂತೆ.

ಬಾಗಲಕೋಟೆಯಿಂದ ಬಂದು ಜರಗನಹಳ್ಳಿಯ ವಠಾರದಲ್ಲಿ ಬಾಡಿಗೆಗಿದ್ದ ಮೊದಲ ವರ್ಷ. ಜಯನಗರದ ನರ್ಸಿಂಗ್ ಹೋಮ್ ಒಂದರ ರಿಸೆಪ್ಷನ್ನಿನಲ್ಲಿ ಕೆಲಸ ಸಿಕ್ಕಿತ್ತು, ಇನ್ನೂ ಕಾಯಂ ಆಗಿರಲಿಲ್ಲ. ಒಂದು ದಿನ ಫೋನಿನಲ್ಲಿ, ಡಾಕ್ಟರು ಹೊರಟುಹೋದರು ಎನ್ನಲು 'ಡಾಕ್ಟರ್ ಗೋಡ್' ಎಂದುಬಿಟ್ಟೆ. ಪಕ್ಕದವರು ನಕ್ಕರು. ಮ್ಯಾನೇಜರ್ ಕರೆದು, ತಿಂಗಳೊಳಗೆ ಇಂಗ್ಲಿಷ್ ಸರಿಹೋಗದಿದ್ದರೆ ಬೇರೆಯವರನ್ನು ನೋಡಬೇಕಾಗುತ್ತದೆ ಎಂದರು.

ಸಂಜೆ ನಲ್ಲಿಯ ಹತ್ತಿರ ಅಳುತ್ತ ಪಾತ್ರೆ ತೊಳೆಯುತ್ತಿದ್ದೆ. ಎದುರು ಮನೆಯ ಕಾಕಾ ಏನಾಯಿತೆಂದು ಕೇಳಿದರು. ಕಾನ್ವೆಂಟ್ ಶಾಲೆಯೊಂದರಲ್ಲಿ ಮೂವತ್ತು ವರ್ಷ ಅಟೆಂಡರ್ ಆಗಿದ್ದು ರಿಟೈರ್ ಆದವರು. ನಡೆದದ್ದನ್ನು ಹೇಳಿದೆ. ಕೇಳಿದ್ದೇ ತಡ, 'ಗೋ, ವೆಂಟ್, ಗಾನ್' ಎಂದು ಮಗ್ಗಿಯ ರಾಗದಲ್ಲಿ ಶುರುಮಾಡಿದರು... ಒಂದೇ ಸಮನೆ ಇಪ್ಪತ್ತು, ಮೂವತ್ತು ಕ್ರಿಯಾಪದ, ಮೂರು ಮೂರು ರೂಪ.

"ಕಾಕಾ, ನಿಮಗ ಇಂಗ್ಲಿಷ್ ಬರತೈತೇನ್ರಿ?"

"ಓದಕ್ಕೆ ಬರಲ್ಲ ಕಣಮ್ಮ. ಐದನೇ ಕ್ಲಾಸ್ ಬಾಗಿಲ ಪಕ್ಕ ನನ್ನ ಸ್ಟೂಲು. ವರ್ಷಾ ವರ್ಷಾ ಮಕ್ಕಳು ಕೂಗಿ ಕೂಗಿ ಕಿವೀಲಿ ಕೂತ್ಬಿಟ್ಟಿದೆ. ಅರ್ಥ ನೀನು ಹೇಳು, ಪದ ನಾನು ಹೇಳ್ತೀನಿ."

ಅಂದಿನಿಂದ ಬೆಳಿಗ್ಗೆ ಬಸ್ಸಿಗೆ ಹೊರಡುವ ಮುಂಚೆ ಹತ್ತು ನಿಮಿಷ ಅವರು ಹೇಳುವುದು, ನಾನು ಬರೆಯುವುದು. ಡಿಕ್ಷನರಿ ನೋಡಿ ಅರ್ಥ ಹೇಳಿದರೆ, ಎಷ್ಟೋ ವರ್ಷದಿಂದ ಮುಖ ಮಾತ್ರ ಗೊತ್ತಿದ್ದವರ ಹೆಸರು ತಿಳಿದಷ್ಟು ಸಂತೋಷ ಅವರಿಗೆ. ನನ್ನ ಕೆಲಸ ಉಳಿಯಿತು. ಕಾಕಾ ಮಾತ್ರ ನಾಚಿಕೆಯಿಂದ ಯಾರೆದುರೂ ಇಂಗ್ಲಿಷ್ ಆಡುತ್ತಿರಲಿಲ್ಲ.

ಒಂದು ಮಳೆಗಾಲ, ನಾನು ಊರಿಗೆ ಹೋಗಿದ್ದಾಗ, ಕಾಕಾ ಅಂಗಳದಲ್ಲಿ ಜಾರಿ ಬಿದ್ದು ನಮ್ಮ ನರ್ಸಿಂಗ್ ಹೋಮಿಗೇ ಹೋದರಂತೆ. ಅಂದಿದ್ದ ಡಾಕ್ಟರಿಗೆ ಕನ್ನಡ ಬಾರದು. ನಾನು ಮರಳಿದ ದಿನ ಕೈಗೆ ಪಟ್ಟಿ ಕಟ್ಟಿಕೊಂಡೇ ನನ್ನ ಬಾಗಿಲಿಗೆ ಬಂದರು.

"ಐ ಫೆಲ್ ಅಂದೆ ಕಣಮ್ಮ. ಹ್ಯಾಂಡ್ ಬ್ರೋಕ್ ಅಂದೆ. ಡಾಕ್ಟರಿಗೆ ಅರ್ಥ ಆಗೋಯ್ತು."

ನೋವಿದೆಯಾ ಎಂದು ಕೇಳಿದರೆ, ಅದು ಅವರ ಲಕ್ಷ್ಯದಲ್ಲೇ ಇರಲಿಲ್ಲ.

ಆಮೇಲೆ ನಾನು ಮದುವೆಯಾಗಿ ಬನಶಂಕರಿಗೆ ಹೋದೆ. ಹೋಗಿಬರುವುದು ಕಡಿಮೆಯಾಯಿತು. ಅವರು ತೀರಿಕೊಂಡ ಸುದ್ದಿ ತಲುಪುವಷ್ಟರಲ್ಲಿ ಎಲ್ಲ ಕಾರ್ಯ ಮುಗಿದಿತ್ತು... ಆ ಸಂಕಟ ಇನ್ನೂ ಇದೆ.

ನೋಟ್‌ಬುಕ್ ಸಿಕ್ಕ ಮೇಲೆ, ಕಳೆದ ಭಾನುವಾರ ವಠಾರಕ್ಕೆ ಹೋದೆ. ಅವರ ಹೆಂಡತಿ ಒಬ್ಬರೇ ಕೂತಿದ್ದರು. ಕೈ ವಾಸಿಯಾದ ಮೇಲೆ ಕಾಕಾ ಪಕ್ಕದ ಮನೆಯ ಮಗುವಿನ ಜೊತೆ ಕೂತು ಎಬಿಸಿಡಿ ಕಲಿತರಂತೆ.

"ನಂಗೂ ಕಲಿಸಿ ಹೋದ್ರು. ಮಾತ್ರೆ ಹೆಸರು ಈಗ ನಾನೇ ಓದ್ಕೋತೀನಿ" ಎಂದರು.

ಕನ್ನಡಕ ಹಾಕಿಕೊಂಡು, ಮಾತ್ರೆಯ ಸ್ಟ್ರಿಪ್ಪನ್ನು ಕಿಟಕಿಯ ಬೆಳಕಿಗೆ ಹಿಡಿದು, ಒಂದೊಂದೇ ಅಕ್ಷರ ಕೂಡಿಸಿ ಓದತೊಡಗಿದರು. ನಡುವೆ ಒಂದು ಕಡೆ ತಡವರಿಸಿದರು. ನಾನು ಬಾಯಿ ಹಾಕಲಿಲ್ಲ. ಅವರೇ ಓದಿ ಮುಗಿಸಿದರು.